ಬಲ ಭುಜದ ಬ್ಯಾಡ್ಜು

ಮೈಸೂರು ಬಸ್ಸಿನ ತಲೆಯ ಮೇಲಿಂದ ಆ ಪೆಟ್ಟಿಗೆಯನ್ನು ಇಳಿಸುವಾಗ ಹಮಾಲರಿಬ್ಬರೂ ನನ್ನನ್ನು ಬಾಯಿಗೆ ಬಂದಂತೆ ಬೈದರು. ಗಾತ್ರ ನೋಡಿದರೆ ಹಾರ್ಮೋನಿಯಂ ಪೆಟ್ಟಿಗೆಯಷ್ಟು, ಎತ್ತಿ ನೋಡಿದರೆ ರುಬ್ಬುವ ಕಲ್ಲಿನ ಭಾರ. ಒಳಗಿದ್ದದ್ದು ಬ್ಯಾಡ್ಜು ಮಾಡುವ ಕೈಮಿಷನ್. ನಮ್ಮ ಪ್ರೆಸ್ಸಿನ ಯಜಮಾನರು ಬೊಂಬಾಯಿಯಿಂದ ತರಿಸಿದ್ದು. ಮಡಿಕೇರಿಯಲ್ಲಿ ಅಂಥದ್ದು ಇನ್ನೊಬ್ಬರ ಹತ್ತಿರ ಇರಲಿಲ್ಲ. ತಳ್ಳುಗಾಡಿಯಲ್ಲಿ ಅದನ್ನು ಪ್ರೆಸ್ಸಿಗೆ ತರುವಾಗ ದಾರಿಯಲ್ಲಿ ಸಿಕ್ಕಿದವರಿಗೆಲ್ಲ, ಅವರು ಕೇಳದಿದ್ದರೂ, ಅದೇನೆಂದು ಹೇಳಿಕೊಂಡೇ ಬಂದೆ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ನಾನು ಮಂಗಳೂರಿನ ಕಡೆಯವನು, ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಕೊಡಗಿಗೆ ಬಂದು ಸೇರಿದ್ದೆ. ಮೊಳೆ ಜೋಡಿಸುವವನಿಗೆ ದಿನವಿಡೀ ಅಕ್ಷರಗಳನ್ನು ತಿರುವುಮುರುವಾಗಿ ಓದುವುದೇ ಬದುಕು. ಅಂಥವನ ಕೈಗೆ ಹಿಡಿಕೆ ಎಳೆದರೆ ಥಟ್ಟನೆ ಒಂದು ವಸ್ತು ಉದುರುವ ಯಂತ್ರ ಸಿಕ್ಕಿದರೆ ಏನಾಗಬೇಕೋ ನನಗೂ ಅದೇ ಆಯಿತು. ಊಟ ರುಚಿಸಲಿಲ್ಲ.

ಮಿಷನ್ನಿನ ಕೆಲಸ ಹೇಳಿದರೆ ಸುಲಭ. ಕೆಳಗೆ ಎರಡು ಅಚ್ಚಿನ ಬಟ್ಟಲು, ಮೇಲೆ ಹಿಡಿಕೆಗೆ ಸೇರಿದ ಒಂದು ಗುಂಡು ಅಚ್ಚು. ಮೊದಲನೆಯ ಬಟ್ಟಲಲ್ಲಿ ಟೋಪಿಯಂತೆ ಉಬ್ಬಿದ ತಗಡಿನ ಬಿಲ್ಲೆ ಇಡಬೇಕು, ಅದರ ಮೇಲೆ ಅಚ್ಚಾದ ಕಾಗದದ ಬಿಲ್ಲೆ, ಅದರ ಮೇಲೆ ಗಾಜಿನಂತೆ ಹೊಳೆಯುವ ಸೆಲ್ಯುಲಾಯ್ಡ್ ಬಿಲ್ಲೆ. ಒಂದು ಸಲ ಹಿಡಿಕೆ ಎಳೆದರೆ ಮೂರೂ ಮೇಲಿನ ಅಚ್ಚಿಗೆ ಅಂಟಿಕೊಂಡು ಹೋಗುತ್ತವೆ. ಎರಡನೆಯ ಬಟ್ಟಲಲ್ಲಿ ಹಿಂಬದಿಯ ತಗಡಿನ ಬಳೆ ಇಟ್ಟು ಮತ್ತೆ ಎಳೆದರೆ ಕಾಗದ, ಸೆಲ್ಯುಲಾಯ್ಡುಗಳ ಅಂಚು ಒಳಕ್ಕೆ ಮಡಚಿ, ಬಳೆ ಅದನ್ನು ಕಚ್ಚಿ ಹಿಡಿಯುತ್ತದೆ. ಕೊನೆಗೆ ಸ್ಪ್ರಿಂಗ್ ತಂತಿಯ ಪಿನ್ನನ್ನು ಬಳೆಯ ಒಳಗೆ ಕೂರಿಸಿದರೆ ಕೋಟಿಗೆ ಚುಚ್ಚಿಕೊಳ್ಳಲು ಬ್ಯಾಡ್ಜು ತಯಾರು. ಒಮ್ಮೆ ಬಳೆ ಕಚ್ಚಿತೆಂದರೆ ಮುಗಿಯಿತು. ಬಿಚ್ಚಲು ಹೋದರೆ ಎಲ್ಲ ಹಾಳು.

ಮೊದಲ ಆರ್ಡರ್ ತಂದವರು ಹೆಣ್ಣುಮಕ್ಕಳ ಶಾಲೆಯೊಂದರ ಹೆಡ್‌ಮಿಸ್ಟ್ರೆಸ್ಸಮ್ಮ. ಎತ್ತರದ ಹೆಂಗಸು. ಮಾತು ಕಡಿಮೆ, ಆಡಿದರೆ ಅದಕ್ಕೆ ಎದುರಾಡುವ ಧೈರ್ಯ ನಮ್ಮ ಯಜಮಾನರಿಗೂ ಇರಲಿಲ್ಲ. ಸುಗ್ಗಿಯ ಪುತ್ತರಿ ಹಬ್ಬ ಕಳೆದ ಮೇಲೆ ಮಡಿಕೇರಿಯ ಮೈದಾನದಲ್ಲಿ ಶಾಲೆಗಳ ಆಟೋಟ ನಡೆಯುತ್ತಿತ್ತು. ಓಡುವವರು, ಹಾರುವವರು ಎಲ್ಲ ಗಂಡುಮಕ್ಕಳೇ. ಆ ವರ್ಷ ಈಯಮ್ಮ ಕಮಿಟಿಯ ಹಿಂದೆ ಬಿದ್ದು, ಹೆಣ್ಣುಮಕ್ಕಳ ಓಟವೂ ಇರಲಿ ಎಂದು ಒಪ್ಪಿಸಿದ್ದರು. ಒಪ್ಪಿದ್ದಕ್ಕೆ ಒಂದು ಷರತ್ತಿತ್ತು. ಷರತ್ತು ಹಾಕಿದವರು ಕಮಿಟಿಯ ಅಧ್ಯಕ್ಷರು, ಪಿಂಚಣಿ ಪಡೆಯುತ್ತಿದ್ದ ಹಳೆಯ ಸುಬೇದಾರರು.

"ಓಡೋ ದಾರಿ ಉದ್ದಕ್ಕೂ ಎರಡೂ ಕಡೆ ಹೆಂಗಸರೇ ನಿಲ್ಲಬೇಕಂತೆ ಅಣ್ಣ," ಎಂದು ಅಮ್ಮ ನನಗೆ ವಿವರಿಸಿದರು. "ಸಾಲಲ್ಲಿ ಒಬ್ಬಳು ಕಡಿಮೆಯಾದರೂ ಓಟ ಇಲ್ಲ. ಬ್ಯಾಡ್ಜ್ ಇಲ್ಲದವರನ್ನ ಹಗ್ಗದ ಒಳಗೆ ಬಿಡೋದೂ ಇಲ್ಲ. ಟೀಚರುಗಳು, ನರ್ಸುಗಳು, ಮಕ್ಕಳ ತಾಯಂದಿರು, ಎಲ್ಲರನ್ನೂ ಕೂಡಿಸಿದ್ದೇನೆ. ಬ್ಯಾಡ್ಜ್ ಮಾತ್ರ ನಿಮ್ಮ ಕೈಲಿ ಉಂಟು."

"ಹೆದರ್ಬೇಡಿ ಅಮ್ಮ, ಫಸ್ಟ್ ಕ್ಲಾಸ್ ಮಾಡಿ ಕೊಡ್ತೇನೆ," ಎಂದೆ. ಅಷ್ಟು ಹೊತ್ತಿಗೆ ನಾನು ಆ ಮಿಷನ್ನಿನಲ್ಲಿ ಒಂದೇ ಒಂದು ಬ್ಯಾಡ್ಜನ್ನೂ ಸರಿಯಾಗಿ ಮಾಡಿರಲಿಲ್ಲ.

ಕಾಗದ ಅಚ್ಚು ಹಾಕುವುದು ನನ್ನ ಸ್ವಂತ ರಾಜ್ಯ, ಅಲ್ಲಿ ತೊಂದರೆಯಾಗಲಿಲ್ಲ. ‘ಸ್ವಯಂಸೇವಕಿ’ ಎಂಬ ಅಕ್ಷರಗಳನ್ನು ಕಮಾನಿನಂತೆ ಬಗ್ಗಿಸಿ ಜೋಡಿಸಿದೆ. ಮಧ್ಯಕ್ಕೆ ಒಂದು ಚಿತ್ರ ಬೇಕಿತ್ತು. ನಮ್ಮಲ್ಲಿ ದುಂಡಗಿನ ಬ್ಲಾಕೆಂದು ಇದ್ದದ್ದು ಮದುವೆ ಕಾಗದಕ್ಕೆ ಹಾಕುವ ದೀಪ ಒಂದೇ. ಓಟಕ್ಕೂ ದೀಪಕ್ಕೂ ಏನು ಸಂಬಂಧ ಎಂದು ಯಜಮಾನರು ಕೇಳಿದರು. ಬೆಳಕು ಎಂದೆ. ಅವರು ನನ್ನ ಮುಖ ನೋಡಿ, ಕೆಂಪು ಶಾಯಿಯ ಡಬ್ಬಿ ಮುಚ್ಚಳ ತೆಗೆದು ಕೊಟ್ಟರು.

ತೊಂದರೆ ಮಿಷನ್ನಿನ ಹತ್ತಿರ ಶುರುವಾಯಿತು. ಮೊದಲು ಮಾಡಿದವುಗಳಲ್ಲಿ ಪಿನ್ನು ಅಡ್ಡಕ್ಕೆ ಬಂದರೆ ದೀಪ ಮಲಗುತ್ತಿತ್ತು, ದೀಪ ನಿಂತರೆ ಪಿನ್ನು ಓರೆಯಾಗುತ್ತಿತ್ತು. ಎರಡೂ ಬಟ್ಟಲಿನ ಅಂಚಿಗೆ ಅರದಿಂದ ಒಂದೊಂದು ಗೀರು ಹಾಕಿ, ಕಾಗದದ ನೆತ್ತಿಯನ್ನೂ ಪಿನ್ನು ಕೂರುವ ಬಳೆಯ ಸೀಳನ್ನೂ ಆ ಗೀರಿಗೆ ಹೊಂದಿಸಿಟ್ಟ ಮೇಲೆ ದೀಪ ನೆಟ್ಟಗಾಯಿತು. ಆಮೇಲೆ ಚಳಿ ಕಾಟ ಕೊಟ್ಟಿತು. ಮಡಿಕೇರಿಯ ಡಿಸೆಂಬರ್ ಬೆಳಗು ನಿಮಗೆ ಗೊತ್ತಲ್ಲ, ಕಿಟಕಿ ತೆರೆದರೆ ಮಂಜು ಒಳಗೆ ಬಂದು ಬೆಂಚಿನ ಮೇಲೆ ಕೂರುತ್ತದೆ. ಆ ಚಳಿಗೆ ಸೆಲ್ಯುಲಾಯ್ಡ್ ಸೆಟೆದುಕೊಂಡು, ಅಚ್ಚು ಅದುಮಿದ ಕೂಡಲೇ ಅಂಚಿನಲ್ಲಿ ಟಿಕ್ ಎಂದು ಸೀಳುತ್ತಿತ್ತು. ಟಿಕ್ ಎಂದಾಗಲೆಲ್ಲ ನನ್ನ ಎದೆಯಲ್ಲೂ ಏನೋ ಸೀಳಿದ ಹಾಗಾಗುತ್ತಿತ್ತು.

ಬಿಸಿ ಮಾಡಬೇಕು ಎಂದು ಹೊಳೆಯಿತು. ಪ್ರೆಸ್ಸಿನ ಹಿಂದೆಯೇ ಯಜಮಾನರ ಮನೆ. ಅಲ್ಲಿ ಕೆಂಡದ ಮೇಲೆ ಬಿದಿರ ಬುಟ್ಟಿ ಕವುಚಿ, ಅದರ ಮೇಲೆ ಕೂಸಿನ ಬಟ್ಟೆ ಹರಡಿ ಒಣಗಿಸುತ್ತಿದ್ದರು. ಮಳೆ, ಮಂಜಿನ ಕಾಲ ಬಂದರೆ ಈ ಊರಿನ ಎಲ್ಲ ಮನೆಗಳಲ್ಲೂ ಕಾಣುವ ಏರ್ಪಾಡು. ನಾನು ಬಟ್ಟೆಗಳನ್ನು ಸರಿಸಿ, ಬುಟ್ಟಿಯ ಮೇಲೆ ಸೆಲ್ಯುಲಾಯ್ಡ್ ಬಿಲ್ಲೆಗಳನ್ನು ಹಪ್ಪಳದಂತೆ ಸಾಲಾಗಿ ಹರಡಿದೆ. ಚೆನ್ನಾಗಿ ಮೆತ್ತಗಾಗುತ್ತಿದ್ದವು. ಹಿಗ್ಗಿನಿಂದ ಒಂದನ್ನು ತೆಗೆದು ಬಗ್ಗಿಸಿ ನೋಡುತ್ತಿದ್ದಾಗ, ಇನ್ನೊಂದು ಬಿದಿರ ಸಂದಿಯಿಂದ ಕೆಂಡದ ಮೇಲೆ ಜಾರಿತು.

ಭಗ್ಗೆಂದಿತು. ಸೆಲ್ಯುಲಾಯ್ಡ್ ಉರಿಯುವುದನ್ನು ನೋಡದವರಿಗೆ ಹೇಳಿ ತಿಳಿಸುವುದು ಕಷ್ಟ. ಉರಿ ಹತ್ತಿತು ಎನ್ನುವಷ್ಟರಲ್ಲಿ ಉರಿದೇ ಹೋಗಿರುತ್ತದೆ. ಬುಟ್ಟಿ, ಅದರ ಮೇಲಿದ್ದ ಬಿಲ್ಲೆಗಳು, ನನ್ನ ಬಲಗಡೆಯ ಹುಬ್ಬು ಎಲ್ಲ ಒಟ್ಟಿಗೆ ಹೋದವು. ಯಜಮಾನರ ಹೆಂಡತಿ ಓಡಿ ಬಂದು ಬಿಂದಿಗೆ ನೀರು ಸುರಿದರು. ಅರ್ಧ ಬುಟ್ಟಿಗೆ, ಅರ್ಧ ನನಗೆ.

"ಎಂಥ ಬೇಯಿಸ್ತಾ ಇದ್ದೀರಿ ನೀವು? ನನ್ನ ಬುಟ್ಟಿ!" ಎಂದರು.

"ಓಟಕ್ಕೆ ಅಕ್ಕ, ಹೆಣ್ಮಕ್ಕಳ ಓಟಕ್ಕೆ," ಎಂದೆ.

ಉಳಿದ ಬಿಲ್ಲೆಗಳನ್ನು ಎಣಿಸಿದಾಗ ಬೇಕಾದಷ್ಟಕ್ಕೆ ಸರಿಯಾಗಿ ಸಾಕು, ಒಂದೂ ಹೆಚ್ಚಿಲ್ಲ ಎಂದಾಯಿತು. ಬೊಂಬಾಯಿಯಿಂದ ಬೇರೆ ತರಿಸಲು ಸಮಯವಿರಲಿಲ್ಲ. ಆ ಅಕ್ಕನೇ, ಬುಟ್ಟಿಯ ಸಿಟ್ಟು ಇಳಿಯುವ ಮೊದಲೇ, ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿದ ನೀರು ತಂದು ಬೆಂಚಿನ ಮೇಲಿಟ್ಟು ತಟ್ಟೆ ಮುಚ್ಚಿದರು. "ಇದರ ಮೇಲಿಡಿ. ನೀರಿಗೆ ಬೆಂಕಿ ಹಿಡಿಯೋದಿಲ್ಲ," ಎಂದರು. ಬಿಸಿ ತಟ್ಟೆಯ ಮೇಲೆ ಬಿಲ್ಲೆ ಇಟ್ಟು, ಮೆತ್ತಗಾದ ಕ್ಷಣದಲ್ಲೇ ಬಟ್ಟಲಿಗೆ ಹಾಕಿ ಎಳೆದೆ. ಟಿಕ್ ಇಲ್ಲ. ತಿರುಗಿಸಿ ಎರಡನೆಯ ಎಳೆತ. ಅಂಚು ನುಣ್ಣಗೆ ಮಡಚಿ, ಕೆಂಪು ದೀಪ ಹೊಳೆಯುತ್ತ ಅಂಗೈಗೆ ಬಿತ್ತು. ನಾನು ಕೂಗಿದ ಕೂಗಿಗೆ ಎದುರಿನ ಹೋಟೆಲಿನವರು ಹೊರಗೆ ಬಂದು ನೋಡಿದರು. ಆಮೇಲೆ ಎಳೆದೆ, ಎಳೆದೆ, ಭುಜ ಸೋಲುವ ತನಕ ಎಳೆದೆ. ಎಲ್ಲ ಮುಗಿದಾಗ ಬೆಂಚಿನ ತುಂಬ ದೀಪಗಳು. ಅಷ್ಟು ಚೆಂದದ ವಸ್ತುವನ್ನು ನಾನು ಅದುವರೆಗೆ ಮಾಡಿರಲಿಲ್ಲ.

ಆಟೋಟಕ್ಕೆ ಇನ್ನೆರಡು ದಿನವಿದೆ ಎನ್ನುವಾಗ ಶಾಲೆಯ ಅಂಗಳದಲ್ಲಿ ಹೆಂಗಸರ ಸಾಲು ನಿಲ್ಲಿಸಿ ನೋಡುವುದೆಂದು ಏರ್ಪಾಡಾಯಿತು. ಸುಬೇದಾರರೂ ಕೋಲು ಹಿಡಿದು ಬಂದರು. ಎದೆಯ ಮೇಲೆ ಪದಕಗಳು, ಮೀಸೆ ಬೆಳ್ಳಗೆ. ನಾನು ಬ್ಯಾಡ್ಜುಗಳನ್ನು ಹಂಚಿದೆ. ಹೆಂಗಸರೆಲ್ಲ ಅವನ್ನು ಮುಟ್ಟಿ, ತಿರುಗಿಸಿ, ನಗುತ್ತ ಬಲ ಭುಜಕ್ಕೆ ಚುಚ್ಚಿಕೊಂಡರು. ಅಲ್ಲಿದ್ದ ಬ್ರೂಚನ್ನು ತೆಗೆದು ಆ ಜಾಗಕ್ಕೇ ಚುಚ್ಚಿಕೊಂಡರೆಂಬುದು ನನ್ನ ಕಣ್ಣಿಗೆ ಬಿದ್ದಿತ್ತು. ಚೆಂದ ಕಾಣುತ್ತದೆ ಎಂದುಕೊಂಡೆ.

ಓಡುವ ಮಗು ಬಿದ್ದರೆ ಹೇಗೆ ಓಡಿಹೋಗಿ ಎತ್ತಬೇಕು ಎಂದು ಅಮ್ಮ ತೋರಿಸಲು ಹೇಳಿದರು. ಸಾಲಿನ ತುದಿಯಲ್ಲಿ ತಿತಿಮತಿಯ ಶಾಲೆಯ ಎಳೆಯ ಟೀಚರೊಬ್ಬರಿದ್ದರು. ಚುರುಕಿನವರು. ಹತ್ತು ಹೆಜ್ಜೆ ಓಡಿ ಬಗ್ಗಿದರು. ಭುಜದಿಂದ ನನ್ನ ಬ್ಯಾಡ್ಜು ಚಿಮ್ಮಿ ನೆಲಕ್ಕೆ ಬಿತ್ತು, ಅದರ ಹಿಂದೆಯೇ ಸೆರಗು ಜಾರಿತು. ಎರಡೂ ಕೈಯಲ್ಲಿ ಸೀರೆ ಬಾಚಿಕೊಂಡು ಅವರು ತರಗತಿಯೊಳಕ್ಕೆ ಓಡಿದರು. ಸಾಲಿನ ಉಳಿದವರೆಲ್ಲ ಒಮ್ಮೆಗೇ ಬಲ ಭುಜ ಹಿಡಿದುಕೊಂಡರು. ಕೆಲವರ ಪಿನ್ನು ಆಗಲೇ ಬಾಯಿ ಬಿಟ್ಟಿತ್ತು.

ಸುಬೇದಾರರು ಮುಖ ಆ ಕಡೆ ತಿರುಗಿಸಿ ನಿಂತಿದ್ದರು. ಆಮೇಲೆ ಹೇಳಿದರು: "ನೋಡಿದ್ರಾ ಅಮ್ಮ? ಊರಿನವರೆಲ್ಲ ಸೇರಿರೋ ಮೈದಾನದಲ್ಲಿ ಇದು ಆದ್ರೆ ಆ ಹುಡುಗಿ ತಲೆ ಎತ್ತಿ ತಿರುಗೋದು ಹೇಗೆ? ನಾಳೆ ಸಂಜೆ ಇನ್ನೊಮ್ಮೆ ಬರ್ತೇನೆ. ಸಾಲು ತುಂಬಿದ್ರೆ ಓಟ. ಇಲ್ಲಾಂದ್ರೆ ಗಂಡುಮಕ್ಕಳದ್ದು ಮಾತ್ರ."

ಕೆಟ್ಟ ಮಾತು ಹೇಳಿದ್ದರೆ ನಾನಾದರೂ ಜಗಳಕ್ಕೆ ನಿಲ್ಲುತ್ತಿದ್ದೆ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅರ್ಧಕ್ಕರ್ಧ ಹೆಂಗಸರು ಬ್ಯಾಡ್ಜನ್ನು ಮೇಜಿನ ಮೇಲಿಟ್ಟು, ನಮ್ಮಿಂದಾಗದು ಅಮ್ಮ ಎಂದು ಹೊರಟರು. ನನಗೆ ಅಳು ಬರುವುದೊಂದು ಬಾಕಿ.

ತರಗತಿಯ ಬಾಗಿಲಲ್ಲಿ ನಿಂತು, "ಟೀಚರೇ, ಪಿನ್ನು ಸಣ್ಣದಾಯ್ತು, ತಪ್ಪು ನನ್ನದೇ," ಎಂದೆ.

ಆಕೆ ಒಳಗಿನಿಂದಲೇ ಸಿಡಿದರು. "ನಿಮ್ಮ ಊರ ಹೆಂಗಸರ ಸೀರೆ ಅಂದ್ಕೊಂಡ್ರಾ ಅಣ್ಣ? ನಮ್ಮದು ನಿರಿಗೆ ಹಿಂದೆ. ಸೆರಗು ಎಡ ಕಂಕುಳ ಕೆಳಗಿಂದ ಬಂದು ಇಲ್ಲಿ, ಈ ಬಲ ಭುಜಕ್ಕೆ. ಇಡೀ ಸೀರೆ ನಿಂತಿರೋದೇ ಈ ಒಂದು ಪಿನ್ನಿನ ಮೇಲೆ. ನಿಮ್ಮ ಬ್ಯಾಡ್ಜ್ ಏನು, ಒಂದು ಹುಲ್ಲುಕಡ್ಡಿ!"

ಇಷ್ಟು ವರ್ಷ ಈ ಊರಿನಲ್ಲಿದ್ದು, ಅದೇ ಉಡುಗೆಯನ್ನು ದಿನವೂ ನೋಡಿದರೂ ಇದು ನನ್ನ ತಲೆಗೆ ಹೋಗಿರಲಿಲ್ಲ. ಮಂಗಳೂರಿನಲ್ಲಿ ಹೆಂಗಸರ ಸೆರಗು ತನ್ನಷ್ಟಕ್ಕೆ ಭುಜದ ಹಿಂದೆ ಇಳಿದಿರುತ್ತದೆ, ಪಿನ್ನು ಬಿದ್ದರೂ ಪ್ರಪಂಚ ಮುಳುಗುವುದಿಲ್ಲ. ಅಮ್ಮನೂ ತಲೆ ಅಲ್ಲಾಡಿಸಿದರು. ಭುಜದಲ್ಲಿ ಬ್ರೂಚು, ಪಕ್ಕದಲ್ಲಿ ಇನ್ನೊಂದು ಪಿನ್ನು ಎಂದರೆ ಯಾರಿಗೂ ಚೆಂದ ಕಾಣದು, ಹಾಗಾಗಿ ಎಲ್ಲರೂ ಬ್ರೂಚು ತೆಗೆದರು. ಇದು ನಮಗೂ ಹೊಳೆಯಬೇಕಿತ್ತು ಎಂದರು.

ಬ್ರೂಚು ಹಾಕಿಕೊಂಡೇ ಬ್ಯಾಡ್ಜನ್ನು ಪಕ್ಕಕ್ಕೆ ಚುಚ್ಚಿ ನೋಡಿದೆವು. ಅಲ್ಲಿ ರೇಷ್ಮೆ ಮೂರು ನಾಲ್ಕು ಪದರ, ತಂತಿ ಬಾಗಿ ತೆರೆದುಕೊಂಡಿತು. ಎದೆಯ ಹತ್ತಿರ ಒಂದೇ ಪದರಕ್ಕೆ ಚುಚ್ಚಿದರೆ ನೂಲು ಎಳೆದು ತೂತಾಯಿತು. ಮದುವೆಗೆ ಕೊಟ್ಟ ಸೀರೆಗೆ ಯಾರು ತೂತು ಮಾಡಿಸಿಕೊಳ್ಳುತ್ತಾರೆ? ದಪ್ಪ ಪಿನ್ನು ಹಾಕೋಣವೆಂದರೆ ಬಳೆಯ ಒಳಗೆ ಅದಕ್ಕೆ ಜಾಗವಿಲ್ಲ. ಹೊಸದಾಗಿ ಮಾಡೋಣವೆಂದರೆ ಸೆಲ್ಯುಲಾಯ್ಡ್ ಬುಟ್ಟಿಯೊಂದಿಗೆ ಉರಿದುಹೋಗಿದೆ.

ಬ್ಯಾಡ್ಜುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಪ್ರೆಸ್ಸಿಗೆ ಬಂದೆ. ಯಜಮಾನರು ಸಂಗತಿ ಕೇಳಿ, "ಬಿಡು ಮಾರಾಯ, ಎದೆಗೆ ಕಾಗದ ಅಂಟಿಸಿಕೊಳ್ಳಲಿ," ಎಂದರು. ಕಾಗದ! ನನಗೆ ಮೈ ಉರಿಯಿತು. ಒಂದು ಬ್ಯಾಡ್ಜನ್ನು ಬೆಂಚಿನ ಮೇಲೆ ಕವುಚಿ ಹಾಕಿ ಅದರ ಬೆನ್ನನ್ನೇ ನೋಡುತ್ತ ಕುಳಿತೆ. ಭುಜದಲ್ಲಿ ಆಗಲೇ ಒಂದು ಗಟ್ಟಿ ಪಿನ್ನಿದೆ, ಅವರದ್ದೇ ಬ್ರೂಚು. ತಾಯಿ, ಅಜ್ಜಿಯರ ಕಾಲದಿಂದ ಸೀರೆ ಹೊತ್ತು ಅಭ್ಯಾಸವಿರುವ ಪಿನ್ನು. ನಾನು ಯಾಕೆ ಇನ್ನೊಂದು ಪಿನ್ನು ಕೊಡಬೇಕು? ಬ್ಯಾಡ್ಜು ಏನನ್ನೂ ಹಿಡಿಯಬೇಕಾಗಿಲ್ಲ. ಅದು ಬ್ರೂಚಿನ ಮೇಲೆ ಭಾರ ಹಾಕಿ ಸುಮ್ಮನೆ ನೇತಾಡಿದರೆ ಸಾಕು.

ಎದ್ದು ಇಕ್ಕಳ ಹಿಡಿದೆ. ಬಳೆಯೊಳಗೆ ತಂತಿಯ ಸುರುಳಿ ಬಿಗಿಯಾಗಿ ಕೂತಿರುತ್ತದೆ. ಅದನ್ನು ಸೀಳಿನಿಂದ ಬಿಡಿಸಿ ಕಾಲು ಸುತ್ತು ತಿರುಗಿಸಿದರೆ ಪಿನ್ನಿನ ತುದಿ ಪಕ್ಕದಿಂದ ನೆತ್ತಿಗೆ ಬರುತ್ತದೆ. ಚೂಪು ಕತ್ತರಿಸಿ, ಮಿಕ್ಕ ತಂತಿಯನ್ನು ಅಂಚು ದಾಟಿಸಿ ಮೇಲಕ್ಕೆ ಬಗ್ಗಿಸಿ, ಪುಟ್ಟ ಕಿವಿ ಮಾಡಿದೆ. ಮೊದಲನೆಯದರಲ್ಲಿ ಇಕ್ಕಳ ಜಾರಿ ದೀಪದ ಮೇಲೆ ಗೀರು ಬಿತ್ತು. ಎರಡನೆಯದಕ್ಕೆ ಕೆಳಗೆ ಬಟ್ಟೆ ಹಾಸಿದೆ. ತಂತಿ ನೇರವಾಗಿ ರೇಷ್ಮೆಗೆ ಉಜ್ಜಬಾರದೆಂದು, ಪುಸ್ತಕ ಕಟ್ಟಲು ಇಟ್ಟಿದ್ದ ಕೆಂಪು ಪಟ್ಟಿಯನ್ನು ಬೆರಳುದ್ದ ಕತ್ತರಿಸಿ ಕಿವಿಯಲ್ಲಿ ಪೋಣಿಸಿ ಮಡಚಿ ಹೊಲಿದೆ. ಇನ್ನು ಬ್ರೂಚಿನ ಸೂಜಿ ಪಟ್ಟಿಯನ್ನು ಚುಚ್ಚಿಕೊಂಡು ಸೀರೆಗೆ ಹೋದರಾಯಿತು. ಯಜಮಾನರ ಹೆಂಡತಿ ಹೊಲಿಯಲು ಕೂತರು. ಕೊನೆಗೆ ಯಜಮಾನರೂ ಕನ್ನಡಕ ಹಾಕಿಕೊಂಡು ಪಟ್ಟಿ ಕತ್ತರಿಸತೊಡಗಿದರು.

ಮರುದಿನ ಶಾಲೆಗೆ ಒಯ್ದಾಗ ತಿತಿಮತಿಯ ಟೀಚರು ಬೇಡವೆಂದು ಹಟ ಹಿಡಿದರು. ಅಮ್ಮ ಒಂದೇ ಮಾತು ಹೇಳಿದರು: "ನಿನ್ನ ಶಾಲೆ ಮಕ್ಕಳು ಓಡ್ಲಿಕ್ಕೆ ಅಂತ ಬಂದಿದ್ದಾರಲ್ಲ ಮಗಳೇ, ಅವರಿಗೆ ನೀನೇ ಹೇಳು, ಓಟ ಇಲ್ಲ ಅಂತ."

ಆಕೆ ಕೈ ಚಾಚಿ ಬ್ಯಾಡ್ಜು ತೆಗೆದುಕೊಂಡರು. ಬ್ರೂಚು ಬಿಚ್ಚಿ, ಪಟ್ಟಿ ಸೇರಿಸಿ ಮತ್ತೆ ಚುಚ್ಚಿದರು. ನನ್ನನ್ನು ಅಂಗಳದಿಂದಾಚೆ ಕಳಿಸಿ ಬಾಗಿಲು ಹಾಕಿದರು. ಒಳಗೆ ದಡದಡ ಓಡಿದ ಸದ್ದು. ಹಾರಿದ ಸದ್ದು. ಮತ್ತೆ ಓಡಿದ ಸದ್ದು. ನಾನು ಹೊರಗೆ ಗೋಡೆಗೆ ಕಿವಿಯಿಟ್ಟು ಕೊಡಗಿನ ದೇವರು ಇಗ್ಗುತಪ್ಪನಿಂದ ಹಿಡಿದು ನಮ್ಮೂರ ದೈವಗಳವರೆಗೆ ಎಲ್ಲರನ್ನೂ ನೆನೆದೆ. ಬಾಗಿಲು ತೆರೆಯಿತು. ಆಕೆ ಏದುಸಿರು ಬಿಡುತ್ತ ನಿಂತಿದ್ದರು. ಬ್ಯಾಡ್ಜು ಬ್ರೂಚಿನ ಕೆಳಗೆ ತೂಗುತ್ತಿತ್ತು.

"ಮರ ಹತ್ತಿದ್ರೂ ಬೀಳೋದಿಲ್ಲ ಅಣ್ಣ!" ಎಂದರು. ಹೊರಟುಹೋದವರನ್ನು ಕರೆತರಲು ಅವರೇ ಮನೆ ಮನೆಗೆ ಹೋದರು. ಸಂಜೆ ಸುಬೇದಾರರು ಬರುವಾಗ ಸಾಲು ತುಂಬಿತ್ತು. ಅವರು ಈ ತುದಿಯಿಂದ ಆ ತುದಿಗೆ ನಡೆದು ಒಬ್ಬೊಬ್ಬರ ಭುಜವನ್ನೂ ನೋಡಿ, ಓಟ ಇದೆ ಎಂದು ಹೇಳಿ ಹೋದರು.

ಆಟೋಟದ ದಿನ ಮಂಜು ಹರಿದು ಚೊಕ್ಕಟವಾದ ಬಿಸಿಲು ಬಂತು. ಹೆಣ್ಣುಮಕ್ಕಳ ಓಟ ಎಂದು ಕೂಗಿದಾಗ ಇಡೀ ಮೈದಾನ ಎದ್ದು ನಿಂತಿತು. ನಾನು ಬೇಲಿಯ ಹಲಗೆ ಹತ್ತಿದ್ದೆ. ಸೀಟಿ ಊದಿದರು. ಎರಡು ಕಡೆ ಕೆಂಪು ದೀಪಗಳ ಸಾಲು, ನಡುವೆ ಬರಿಗಾಲಿನ ಹುಡುಗಿಯರು ಓಡಿದರು. ಒಬ್ಬಳು ಮುಗ್ಗರಿಸಿದಳು, ಸಾಲಿನಿಂದ ಒಬ್ಬರು ನರ್ಸು ಹಾರಿ ಬಂದು ಎತ್ತಿ ಮುಂದಕ್ಕೆ ತಳ್ಳಿದರು, ಸೀರೆ ಎಲ್ಲಿತ್ತೋ ಅಲ್ಲೇ ಇತ್ತು. ನಾನು ಏನೇನು ಕೂಗಿದೆನೋ ನೆನಪಿಲ್ಲ. ಗೆದ್ದವಳು ಗಡಿಯ ಕರಿಕೆ ಊರಿನಿಂದ ಬಂದಿದ್ದ ಸಣಕಲು ಹುಡುಗಿ.

ಅವಳು ಬಹುಮಾನದ ಮೇಜಿನ ಮುಂದೆ ಬಂದು ನಿಂತಾಗ ಗೊತ್ತಾಯಿತು. ಮೇಜಿನ ತುಂಬ ಕಪ್ಪುಗಳಿದ್ದವು, ಎಲ್ಲ ಗಂಡುಮಕ್ಕಳ ಆಟಗಳ ಹೆಸರಿನವು. ಓಟ ನಡೆಯುತ್ತದೋ ಇಲ್ಲವೋ ಎಂಬ ಗಲಾಟೆಯಲ್ಲಿ ಇವರಿಗೆ ಬಹುಮಾನ ಇಡುವುದು ಯಾರಿಗೂ ನೆನಪಾಗಿರಲಿಲ್ಲ. ಸುಬೇದಾರರು ಕಮಿಟಿಯ ಗುಮಾಸ್ತರ ಕಡೆ ನೋಡಿದರು. ಗುಮಾಸ್ತರು ನೆಲ ನೋಡಿದರು. ಹುಡುಗಿ ಕೈ ಚಾಚಿಕೊಂಡೇ ನಿಂತಿದ್ದಳು.

ತಿತಿಮತಿಯ ಟೀಚರು ಸಾಲು ಬಿಟ್ಟು ಬಂದರು. ಬ್ರೂಚು ಸಡಿಲಿಸಿ ಬ್ಯಾಡ್ಜನ್ನು ಬಿಡಿಸಿ, ಬ್ರೂಚು ಮತ್ತೆ ಹಾಕಿಕೊಂಡು, ಅದನ್ನು ಹುಡುಗಿಯ ಕೈಯಲ್ಲಿಡಲು ಹೋದರು. ಸುಬೇದಾರರು ನಡುವೆ ಕೈ ಹಾಕಿದರು.

"ಹಾಗೆ ಕೈಗೆ ಕೊಡೋದಲ್ಲ. ಇದಕ್ಕೆ ಕ್ರಮ ಉಂಟು," ಎಂದರು.

ಕೆಂಪು ಪಟ್ಟಿಯ ತುದಿ ಹಿಡಿದು ನೇವರಿಸಿ ನೆಟ್ಟಗೆ ಮಾಡಿದರು. ಹುಡುಗಿಯ ರವಿಕೆಯಲ್ಲಿ ಗುಂಡಿಯ ಬದಲು ಇದ್ದ ಸೇಫ್ಟಿ ಪಿನ್ನಿಗೇ ಅದನ್ನು ಸೇರಿಸಿ, ಎಡ ಎದೆಯ ಮೇಲೆ ತೂಗಬಿಟ್ಟರು. ಹಿಂದೆ ಸರಿದು, ಹಿಮ್ಮಡಿ ಜೋಡಿಸಿ ಸೆಲ್ಯೂಟ್ ಹೊಡೆದರು. ಅವರ ಪದಕಗಳು ಟಣ್ಣೆಂದವು. ಮೈದಾನದಲ್ಲಿ ಎದ್ದ ಚಪ್ಪಾಳೆಗೆ ನನ್ನ ಕಣ್ಣು ತುಂಬಿ ಏನೂ ಕಾಣಲಿಲ್ಲ.

ಕಣ್ಣೊರೆಸಿಕೊಂಡು ನೋಡಿದರೆ ಓಡಿದ ಹುಡುಗಿಯರೆಲ್ಲ, ಕೊನೆಗೆ ಬಂದವಳೂ ಸೇರಿ, ಆ ಬ್ಯಾಡ್ಜನ್ನೇ ನೋಡುತ್ತ ನಿಂತಿದ್ದರು. ಸಾಲಿನಲ್ಲಿದ್ದ ನರ್ಸು ತಮ್ಮ ಬ್ರೂಚಿಗೆ ಕೈ ಹಾಕಿದರು. ಪಕ್ಕದವರೂ ಹಾಕಿದರು. ಹೆಂಗಸರ ಕೈಬಳೆಗಳಲ್ಲಿ ಸಿಕ್ಕಿಸಿಟ್ಟ ಸೇಫ್ಟಿ ಪಿನ್ನಿಗೆ ಬರವಿಲ್ಲ. ಒಬ್ಬೊಬ್ಬ ಹುಡುಗಿಯ ಎದೆಯ ಮೇಲೂ ಒಂದೊಂದು ದೀಪ ತೂಗಿತು. ನಾನು ಎಳೆದ ಅಷ್ಟೊಂದು ಎಳೆತ, ನನ್ನ ಕಣ್ಣ ಮುಂದೆಯೇ, ಕೇಕೆ ಹಾಕುತ್ತ ಮೈದಾನದ ತುಂಬ ಓಡಿಹೋಯಿತು.

ಮುಂದಿನ ಓಟಕ್ಕೆ, ಚಿಕ್ಕ ಹುಡುಗಿಯರದ್ದಕ್ಕೆ, ಕರೆ ಬಂತು. ಮಕ್ಕಳಿಗೆ ಬ್ಯಾಡ್ಜು ತೊಡಿಸಿದ ಹೆಂಗಸರು ಬರಿಯ ಬ್ರೂಚಿನಲ್ಲಿ ತಮ್ಮ ಜಾಗಕ್ಕೆ ಹಿಂದಿರುಗಿದರು. ಹಗ್ಗದ ಹತ್ತಿರ ನಿಂತಿದ್ದ ಜವಾನ ಅವರ ಭುಜ ನೋಡಿದ, ಸುಬೇದಾರರ ಮುಖ ನೋಡಿದ. ಆಮೇಲೆ ಏನೂ ಕೇಳದೆ ಹಗ್ಗ ಎತ್ತಿ ಹಿಡಿದು ಎಲ್ಲರನ್ನೂ ಒಳಗೆ ಬಿಟ್ಟ.